ಪೂಜೆಗೆ ಕೂತ ಫ್ರೀಜರು ಮತ್ತು ಒಂದು ಪೌಂಡ್ ಹಾಪ್ಸು

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿರುವ ಪ್ರತಿಯೊಂದು ಮಾತೂ ನಿಜ. ಬಿಯರಿನ ವಿಷಯಕ್ಕೆ ತಿಮ್ಮಪ್ಪನ ಮೇಲೆ ಆಣೆ ಇಟ್ಟರೆ ಚೆನ್ನಾಗಿರುವುದಿಲ್ಲ ಅಂತ ನಮ್ಮ ಗರಾಜಿನ ಫ್ರೀಜರನ್ನು ಮುಟ್ಟಿಕೊಂಡು ಹೇಳುತ್ತಿದ್ದೇನೆ. ಕೈ ಮರಗಟ್ಟುತ್ತಿದೆ. ಆದರೂ ತೆಗೆಯುವುದಿಲ್ಲ, ಸತ್ಯಕ್ಕೆ ಅಷ್ಟಾದರೂ ಬೆಲೆ ಬೇಡವೇ.

ಬೇರೆಯವರಿಗೆ ಹತ್ತು ವರ್ಷಕ್ಕೊಮ್ಮೆ ಆಗುವ ಫಜೀತಿ ನನಗೆ ತಿಂಗಳಿಗೊಂದು ಆಗುತ್ತದೆ. "ನಿಮಗೇ ಯಾಕ್ರೀ ಹಿಂಗೆಲ್ಲ ಆಗತ್ತೆ?" ಅಂತ ನನ್ನ ಹೆಂಡತಿ ಕೇಳುತ್ತಾಳೆ. ಪ್ರತಿಭೆ ಇದ್ದ ಕಡೆಗೆ ಪ್ರಸಂಗಗಳು ತಾವಾಗಿಯೇ ದಾರಿ ಕೇಳಿಕೊಂಡು ಬರುತ್ತವೆ ಅಂತ ಅವಳಿಗೆ ಹೇಗೆ ಹೇಳುವುದು.

ಶಿಕಾಗೋ ಪಕ್ಕದ ವೆಸ್ಟ್‌ಮಂಟ್‌ನಲ್ಲಿ ನಮ್ಮ ಮನೆ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುತ್ತೇನೆ, ಶನಿವಾರ ಗರಾಜಿನಲ್ಲಿ ಬಿಯರ್ ಕಾಯಿಸುತ್ತೇನೆ. ಮೈಸೂರಿನಲ್ಲಿ ನಮ್ಮ ತಾತ ಕಾಫಿಯ ಘಮ ಮೂಸಿಯೇ ಪುಡಿ ಹುರಿದು ಎಷ್ಟು ದಿನವಾಯಿತು ಅಂತ ಹೇಳುತ್ತಿದ್ದರು. ಆ ಮೂಗು ನನಗೆ ಬಂದಿದೆ. ತಾತ ಅದನ್ನು ಕಾಫಿಗೆ ಬಳಸಿದರು, ನಾನು ಹಾಪ್ಸಿಗೆ ಬಳಸುತ್ತಿದ್ದೇನೆ. ಮನೆತನದ ಮರ್ಯಾದೆ ಒಂದೇ, ಲೋಟ ಬೇರೆ.

ಹಾಪ್ಸು ಅಂದರೆ ಬಳ್ಳಿಯಲ್ಲಿ ಬಿಡುವ ಒಂದು ಹಸಿರು ಹೂವು. ಬಿಯರಿಗೆ ಕಹಿಯೂ ಘಮವೂ ಬರುವುದು ಅದರಿಂದಲೇ. ಸಾರಿಗೆ ಒಗ್ಗರಣೆ ಇದ್ದ ಹಾಗೆ. ಆದರೆ ಅದರ ನಾಜೂಕು ಹೊಸ ಅಳಿಯನನ್ನೂ ಮೀರಿಸಿದ್ದು. ಗಾಳಿ ತಾಗಬಾರದು, ಬಿಸಿಲು ಬೀಳಬಾರದು, ಸೆಕೆ ಆಗಬಾರದು. ಗಾಳಿ ತೆಗೆದು, ಬೆಳಕು ಬೀಳದ ಚೀಲದಲ್ಲಿ ಕಟ್ಟಿ, ಸೊನ್ನೆ ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಇಟ್ಟರೆ ವರ್ಷವಾದರೂ ತಾಜಾ. ಉದಾಸೀನ ಮಾಡಿದಿರೋ, ಕಿತ್ತಲೆ ಸಿಪ್ಪೆಯ ಹಾಗೆ ಘಮ್ಮೆನ್ನುತ್ತಿದ್ದದ್ದು ಒದ್ದೆ ಸಾಕ್ಸಿನ ನಾತಕ್ಕೆ ಇಳಿಯುತ್ತದೆ.

ಒಂದೇ ಬಳ್ಳಿಯ ಹೂವು

ನನ್ನ ಹೆಂಡತಿಯ ತಮ್ಮ ಡೆಟ್ರಾಯ್ಟ್ ಪಕ್ಕದ ಸೌತ್‌ಫೀಲ್ಡ್‌ನಲ್ಲಿದ್ದಾನೆ. ಅವನೂ ಬಿಯರ್ ಮಾಡುತ್ತಾನೆ. ಕಲಿಸಿದ್ದು ನಾನೇ. ವಿಡಿಯೋ ನೋಡಿ ಕಲಿತೆ ಅಂತ ಅವನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಾನೆ. ವಿಡಿಯೋ ನೋಡು ಅಂತ ಹೇಳಿದವರು ಯಾರು, ಕೇಳಿ.

ಕಳೆದ ಸೆಪ್ಟೆಂಬರಿನಲ್ಲಿ ಇಬ್ಬರೂ ಸಂಸಾರ ಸಮೇತ ಮಿಶಿಗನ್ನಿನ ಒಂದು ಹಾಪ್ಸ್ ತೋಟಕ್ಕೆ ಹೋಗಿದ್ದೆವು. ಎರಡು ಆಳೆತ್ತರಕ್ಕೂ ಮೀರಿ ಹಬ್ಬಿದ ಬಳ್ಳಿ. ಅದೇ ಬಳ್ಳಿಸಾಲಿನ ಹೂವನ್ನು ಒಣಗಿಸಿ ಇಬ್ಬರಿಗೂ ಒಂದೊಂದು ಪೌಂಡ್ ಕಟ್ಟಿಕೊಟ್ಟರು. ಒಂದು ಪೌಂಡ್ ಅಂದರೆ ಸಣ್ಣದಲ್ಲ, ದಿಂಬಿನ ಗಾತ್ರದ ಚೀಲ. ಭಾವಮೈದ ಚೀಲವನ್ನು ಮೊಮ್ಮಗುವಿನ ಹಾಗೆ ಎತ್ತಿಕೊಂಡು ಹೇಳಿದ:

"ಭಾವ, ಸಂಕ್ರಾಂತಿ ಹೊತ್ತಿಗೆ ನಿಮ್ಮದು ಹುಲ್ಲಾಗಿರತ್ತೆ. ಸ್ಟೋರ್ ಮಾಡೋದು ಒಂದು ಸೈನ್ಸು."

"ಲೋ, ನಮ್ಮಜ್ಜಿ ಮಾವಿನ ಮಿಡಿ ಮೂರು ವರ್ಷ ಇಡ್ತಿದ್ರು. ಅದೂ ಕರೆಂಟಿಲ್ಲದೆ."

ಮಾತಿಗೆ ಮಾತು ಬೆಳೆದು ಪಂದ್ಯವಾಯಿತು. ಹೂವು ಒಂದೇ, ಬಿಯರ್ ಮಾಡುವ ವಿಧಾನ ಒಂದೇ. ಸಂಕ್ರಾಂತಿಯ ದಿನ ಸೌತ್‌ಫೀಲ್ಡಿನ ಅವನ ಮನೆಯಲ್ಲಿ ಹತ್ತು ಜನ ಕುಡಿದು ನೋಡಬೇಕು. ಯಾರು ಹಾಪ್ಸನ್ನು ತಾಜಾ ಇಟ್ಟಿದ್ದಾರೋ ಅವರು ಗೆದ್ದ ಹಾಗೆ. ಅವನು ಸೋತರೆ ವರ್ಷವಿಡೀ ನನ್ನನ್ನು ಗುರುಗಳೇ ಅನ್ನಬೇಕು. ನಾನು ಸೋತರೆ ಏನು ಅಂತ ಯೋಚಿಸುವಷ್ಟರಲ್ಲಿ ನನ್ನ ಹೆಂಡತಿ ನಡುವೆ ಬಂದಳು.

"ನೀವು ಸೋತರೆ ಗರಾಜ್ ಫ್ರೀಜರಿನ ನಿಮ್ಮ ಮೂಲೆ ಖಾಲಿ ಮಾಡಬೇಕು. ನನಗೆ ಅವರೇಕಾಳಿಗೆ ಜಾಗ ಇಲ್ಲ."

"ಗೆದ್ದರೆ?"

"ಅರ್ಧ ಫ್ರೀಜರ್ ನಿಮ್ಮದು. ನಾನು ಬಾಯಿ ಬಿಡಲ್ಲ."

ಮದುವೆಯಾಗಿ ಇಪ್ಪತ್ತಾರು ವರ್ಷ. ಅವಳು ಬಾಯಿ ಬಿಡುವುದಿಲ್ಲ ಅಂದದ್ದು ಅದೇ ಮೊದಲು. ಆಸೆಗೆ ಬಿದ್ದು ಒಪ್ಪಿಕೊಂಡೆ.

ಆಯುರ್ವೇದದ ದಿಂಬು

ತೋಟದಿಂದ ವಾಪಸ್ಸು ಬರುವಾಗ ಮನೆಗೆ ಹೋಗಲು ಹೊತ್ತಿರಲಿಲ್ಲ. ಅರೋರಾದ ದೇವಸ್ಥಾನದಲ್ಲಿ ಹೆಂಡತಿ ಅರ್ಚನೆಗೆ ಹೇಳಿದ್ದಳು. ವೆಸ್ಟ್‌ಮಂಟ್ ಎಕ್ಸಿಟ್ ದಾಟಿಸಿಕೊಂಡು ನೇರ ಅಲ್ಲಿಗೇ ಡ್ರೈವ್ ಮಾಡಿದೆ. ಐದು ಗಂಟೆ ಕಾರಿನಲ್ಲಿ ಕೂತ ಹಾಪ್ಸು ಎಂಥ ವಾಸನೆ ಬಿಟ್ಟಿರುತ್ತದೆ ಅಂತ ಒಳಗಿದ್ದವರಿಗೆ ತಿಳಿಯುವುದಿಲ್ಲ. ತಿಳಿಯುವುದು ಹೊರಗಿನವರಿಗೆ. ಇನ್ನೊಂದು ಮಾತು. ಹಾಪ್ಸು ಗಾಂಜಾ ಗಿಡಕ್ಕೆ ಹತ್ತಿರದ ನೆಂಟ. ಮುಖ ಹೋಲುವುದಿಲ್ಲ, ವಾಸನೆ ಹೋಲುತ್ತದೆ.

ಪಾರ್ಕಿಂಗ್ ಲಾಟಿನಲ್ಲಿ ಹಣ್ಣುಕಾಯಿ ತೆಗೆಯಲು ಡಿಕ್ಕಿ ಎತ್ತಿದೆ. ರೇಷ್ಮೆ ಸೀರೆ, ಪಂಚೆ, ಜುಬ್ಬಾಗಳೆಲ್ಲ ಒಟ್ಟಿಗೆ ತಿರುಗಿದವು. ಈ ವಯಸ್ಸಿನಲ್ಲಿ ಪಾಪ, ಅನ್ನುವ ಹಾಗೆ ನೋಡಿದರು. ನಮ್ಮ ಬಡಾವಣೆಯಲ್ಲೇ ಇರುವ ಧಾರವಾಡದ ಡಾಕ್ಟರಮ್ಮ ಮಾತ್ರ ಧೈರ್ಯವಾಗಿ ಹತ್ತಿರ ಬಂದರು.

"ಏನ್ರೀ ಸರ ಇದು, ಈ ಪರಿ ವಾಸನಿ?"

ದೇವಸ್ಥಾನದ ಮುಂದೆ ನಾನು ಬಿಯರ್ ಅಂದುಬಿಡುತ್ತೇನೆ ಅಂತ ಹೆದರಿ ನನ್ನ ಹೆಂಡತಿ ಥಟ್ಟನೆ ಅಂದಳು, "ಆಯುರ್ವೇದ ಡಾಕ್ಟರೇ. ದಿಂಬಲ್ಲಿ ತುಂಬ್ಕೊಂಡು ಮಲಗಿದ್ರೆ ಒಳ್ಳೇ ನಿದ್ದೆ ಬರತ್ತಂತೆ."

ಅದು ಪೂರ್ತಿ ಸುಳ್ಳೂ ಅಲ್ಲ. ಯೂರೋಪಿನ ಕಡೆ ಹಳಬರು ಹಾಪ್ಸಿನ ದಿಂಬು ಮಾಡುತ್ತಿದ್ದರಂತೆ. ಡಾಕ್ಟರಮ್ಮನ ಕಣ್ಣು ಅರಳಿತು.

"ಹೌದೇನ್ರೀ. ನಮ್ಮ ಯಜಮಾನ್ರು ರಾತ್ರಿಯೆಲ್ಲ ಹೊರಳಾಡ್ತಾರ್ರೀ. ಒಂದೀಟ ಕೊಡ್ರಲಾ."

ಒಂದೀಟು ಅಂದರೆ ಎಷ್ಟು ಅಂತ ನಾನು ಕೇಳುವ ಮೊದಲೇ ನನ್ನ ಹೆಂಡತಿ ಎರಡೂ ಕೈಯಲ್ಲಿ ಬಾಚಿ ಅವರ ಚೀಲಕ್ಕೆ ಹಾಕಿದಳು. ಅವಳಿಗೇನು, ಹೊರಟುಹೋದಷ್ಟೂ ಅವರೇಕಾಳಿಗೆ ಜಾಗ.

ಹತ್ತು ದಿನ ಬಿಟ್ಟು ಡಾಕ್ಟರಮ್ಮ ಸಿಕ್ಕರು. ಕಣ್ಣ ಕೆಳಗೆ ಕಪ್ಪು.

"ಹೇಗಿದೆ ಡಾಕ್ಟರೇ, ನಿದ್ದೆ ಬಂತಾ ಅವರಿಗೆ?"

"ಬಂತ್ರೀ ಸರ. ಎಂಟಕ್ಕ ತಲಿ ಇಟ್ರ ಮುಂಜಾನಿ ಎಂಟರ ತನಕ ಕೊರಡು ಬಿದ್ದಂಗ. ಆದ್ರ ಮೊದಲ ಎಚ್ಚರ ಇದ್ದಾಗ ಗೊರಕಿ ಹೊಡೀತಿದ್ದಿಲ್ರೀ. ಈಗ ಹನ್ನೆರಡು ತಾಸೂ ಹೊಡೀತಾರ. ನನಗ ಒಂದು ದಿಂಬಿನಷ್ಟು ಕೊಡ್ರೀ ಇನ್ನ."

ಡಬ್ಬಿಗಳು ಸುಳ್ಳು ಹೇಳುವ ಮನೆ

ಎರಡನೆಯ ದಿಂಬೂ ತುಂಬಿದ ಮೇಲೆ ಉಳಿದದ್ದನ್ನು ಬಚ್ಚಿಡಲೇಬೇಕಾಯಿತು. ಬಚ್ಚಿಡುವುದಕ್ಕೆ ನಮ್ಮ ಫ್ರೀಜರಿಗಿಂತ ಒಳ್ಳೆಯ ಜಾಗ ಭೂಮಿಯ ಮೇಲಿಲ್ಲ. ಅಲ್ಲಿ ಐಸ್‌ಕ್ರೀಮ್ ಡಬ್ಬಿಯಲ್ಲಿ ಹುಳಿ ಇರುತ್ತದೆ, ಮೊಸರಿನ ಡಬ್ಬಿಯಲ್ಲಿ ಕಾಯಿತುರಿ, ಬೆಣ್ಣೆಯ ಡಬ್ಬಿಯಲ್ಲಿ ಕರಿಬೇವು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳು ಒಂದು ಬೇಸಿಗೆಯಲ್ಲಿ ಚಾಕಲೇಟ್ ಐಸ್‌ಕ್ರೀಮ್ ಅಂತ ಚಮಚ ಹಾಕಿ ಹುಣಿಸೆ ಗೊಜ್ಜು ಬಾಯಿಗಿಟ್ಟುಕೊಂಡಿದ್ದಳು. ಅವತ್ತು ಅವಳು ಹೇಳಿದ ಮಾತು ಇನ್ನೂ ಚಾಲ್ತಿಯಲ್ಲಿದೆ: "ಡ್ಯಾಡ್, ನಥಿಂಗ್ ಇನ್ ದಿಸ್ ಫ್ರೀಜರ್ ಈಸ್ ವಾಟ್ ಇಟ್ ಸೇಸ್ ಇಟ್ ಈಸ್."

ನಾನು ಯೋಚಿಸಿದೆ. ಹಾಪ್ಸಿಗೆ ಬೆಳಕು ಬೀಳದ ದಪ್ಪ ಚೀಲ ಬೇಕು. ಒಣಗಿದ ಕಸೂರಿ ಮೆಂತ್ಯದ ಚೀಲಕ್ಕಿಂತ ದಪ್ಪ ಚೀಲ ಯಾವುದಿದೆ? ಒಳಗೆ ಬೆಳ್ಳಿ ಹಾಳೆ, ಮೇಲೆ ಜಿಪ್ಪು. ಖಾಲಿಯಾಗಿದ್ದ ಎರಡು ಚೀಲ ತೊಳೆದು ಒಣಗಿಸಿ, ಹಾಪ್ಸು ತುಂಬಿ, ಗಾಳಿ ತೆಗೆಯಲು ಜಿಪ್ಪಿನ ಮೂಲೆಯಲ್ಲಿ ಒಂದು ಸ್ಟ್ರಾ ಸಿಕ್ಕಿಸಿ ಬಾಯಿಂದ ಎಳೆದೆ. ಭಾವಮೈದ ಇದಕ್ಕೇ ಒಂದು ಮೆಷಿನ್ ಇಟ್ಟುಕೊಂಡಿದ್ದಾನೆ. ನನಗೆ ದೇವರು ಶ್ವಾಸಕೋಶ ಕೊಟ್ಟಿದ್ದಾನೆ. ಹಾಪ್ಸಿನ ಹುಡಿ ಗಂಟಲಿಗೆ ಹೋಗಿ ಸ್ವಲ್ಪ ಹೊತ್ತು ಗರಾಜಿನಲ್ಲೇ ತೂಕಡಿಸಿದೆ, ಅದು ಬೇರೆ ವಿಷಯ.

ಆ ಭಾನುವಾರ ಡಾಕ್ಟರಮ್ಮನನ್ನೂ ಅವರ ಯಜಮಾನರನ್ನೂ ಊಟಕ್ಕೆ ಕರೆದಿದ್ದೆವು. ನನ್ನ ಹೆಂಡತಿ ಮೆಂತ್ಯ ಬಾತ್ ಮಾಡಿದ್ದಳು. ಸೊಪ್ಪು ಸಾಲದೆ ಬಂದದ್ದಕ್ಕೆ ಫ್ರೀಜರಿನಿಂದ ಒಂದು ಕಸೂರಿ ಮೆಂತ್ಯದ ಚೀಲ ತಂದು ಪೂರ್ತಿ ಪುಡಿ ಮಾಡಿ ಉದುರಿಸಿದ್ದಳು. ಮೊದಲ ತುತ್ತಿಗೇ ನನಗೆ ಗೊತ್ತಾಯಿತು. ತಾತನ ಮೂಗಲ್ಲವೇ. ಆದರೆ ಹೇಳುವುದು ಹೇಗೆ? ಎದುರಿಗೆ ಯಜಮಾನರು ಬಾಯಲ್ಲಿ ತುತ್ತಿಟ್ಟುಕೊಂಡು ಸ್ತಬ್ಧರಾಗಿದ್ದರು.

"ಕಹಿ ಆಯ್ತಾ?" ಅಂತ ನನ್ನ ಹೆಂಡತಿ ಅಳುಕುತ್ತ ಕೇಳಿದಳು.

"ಅಕ್ಕಾರ," ಅಂದರು ಯಜಮಾನರು, "ಇಪ್ಪತ್ತು ವರ್ಷ ಆಗಿತ್ರೀ ಇಂಥಾ ಮೆಂತ್ಯ ತಿಂದು. ಈ ದೇಶದಾಗ ಮೆಂತ್ಯಕ್ಕ ಕಹಿನ ಇಲ್ಲ ಅಂತ ತಿಳಿದಿದ್ದೆ. ಹಾಕ್ರೀ ಇನ್ನಷ್ಟು."

ಎರಡನೆಯ ಸಲ ಬಡಿಸಿಕೊಂಡರು. ಮೂರನೆಯ ಸಲ ಬಡಿಸಿಕೊಂಡರು. ಮೊಸರನ್ನಕ್ಕೆ ಬರುವಷ್ಟರಲ್ಲಿ ಗದ್ದ ಎದೆಗೆ ತಾಗಿ, ತಟ್ಟೆಯ ಮುಂದೆಯೇ ಗೊರಕೆ ಶುರುವಾಯಿತು.

ಡಾಕ್ಟರಮ್ಮ ಗಂಡನ ಬೆನ್ನ ಹಿಂದೆ ಬಗ್ಗಿ ನೋಡಿದರು, ಕುರ್ಚಿಯ ಕೆಳಗೆ ನೋಡಿದರು.

"ಅಲ್ರೀ, ದಿಂಬು ಮನ್ಯಾಗ ಬಿಟ್ಟು ಬಂದೀವಿ. ಮತ್ತ ಹೆಂಗ ಮಲಗಿದ್ರು?"

ಸೌತ್‌ಫೀಲ್ಡಿನ ಅಲಾರಮ್ಮು

ನನ್ನ ಕಡೆ ಹೀಗೆ ಹಾಪ್ಸು ಕರಗುತ್ತಿದ್ದರೆ ಭಾವಮೈದನ ಕಡೆ ವಿಜ್ಞಾನ ಬೆಳೆಯುತ್ತಿತ್ತು. ಅವನ ಫ್ರೀಜರಿನಲ್ಲಿ ಒಂದು ಥರ್ಮಾಮೀಟರು, ಅದಕ್ಕೂ ಅವನ ಫೋನಿಗೂ ಸಂಬಂಧ. ಫ್ರೀಜರು ಹತ್ತು ಡಿಗ್ರಿ ದಾಟಿದರೆ ಫೋನು ಅಗ್ನಿಶಾಮಕದ ಬಂಡಿಯ ಹಾಗೆ ಕೂಗಿಕೊಳ್ಳಬೇಕು.

ಕೂಗಿಕೊಂಡಿತು. ಅವನು ಆಫೀಸಿನ ಹದಿನಾಲ್ಕನೆಯ ಮಹಡಿಯಲ್ಲಿ, ಬಿಳಿ ಗಡ್ಡದ ಅಮೆರಿಕನ್ ಮ್ಯಾನೇಜರ್ ಮುಂದೆ ಏನೋ ಚಾರ್ಟು ತೋರಿಸುತ್ತಿದ್ದಾಗ.

"ಮನೆಯಲ್ಲಿ ಏನಾದರೂ ತೊಂದರೆಯಾ?" ಅಂತ ಮ್ಯಾನೇಜರು ಕೇಳಿದ.

ಭಾವಮೈದನಿಗೆ ಸುಳ್ಳು ಹೇಳಲು ಬರುವುದಿಲ್ಲ. ನಮ್ಮ ಕಡೆಯ ತರಬೇತಿ ಸಾಲದು. "ಫ್ರೀಜರ್ ತೆರೆದುಕೊಂಡಿದೆ ಸರ್. ಒಳಗೆ ಹಾಪ್ಸು ಇದೆ," ಅಂದ.

ಮ್ಯಾನೇಜರು ಲ್ಯಾಪ್‌ಟಾಪ್ ಮುಚ್ಚಿದ. "ಯಾವ ವರ್ಷದ್ದು?"

"ಈ ವರ್ಷದ ಕೊಯ್ಲು."

"ಕೂತಿದೀಯಲ್ಲಯ್ಯ ಮತ್ತೆ, ಏಳು."

ಆತ ಮೂವತ್ತು ವರ್ಷದಿಂದ ಮನೆಯಲ್ಲೇ ಬಿಯರ್ ಮಾಡುವವನಂತೆ. ಮೀಟಿಂಗ್ ಅಲ್ಲಿಗೇ ನಿಲ್ಲಿಸಿ ಇಬ್ಬರೂ ಒಂದೇ ಕಾರಿನಲ್ಲಿ ಮನೆಗೆ ಹಾರಿದರು. ಹೋಗಿ ನೋಡಿದರೆ ಭಾವಮೈದನ ಹೆಂಡತಿ ಫ್ರೀಜರಿನ ಬಾಗಿಲನ್ನು ಸೊಂಟದಿಂದ ಒತ್ತಿ ಹಿಡಿದು, ತಲೆ ಒಳಗೆ ತೂರಿಸಿ ಬಟಾಣಿ ಹುಡುಕುತ್ತಿದ್ದಾಳೆ. ಕಿವಿಯಲ್ಲಿ ಮೈಸೂರಿನ ಅಕ್ಕನ ಫೋನು. ಅರ್ಧ ಗಂಟೆಯಿಂದ ಹಾಗೇ ನಿಂತಿದ್ದಾಳೆ.

ಟೈ ಕಟ್ಟಿದ ಇಬ್ಬರು ಗಂಡಸರು ಏದುಸಿರು ಬಿಡುತ್ತ ಅಡುಗೆಮನೆಗೆ ನುಗ್ಗಿದ್ದನ್ನು ನೋಡಿ ಅವಳು ಗಾಬರಿಯೇನೂ ಆಗಲಿಲ್ಲ. "ಪಲಾವ್ ಆಗೋಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಅಷ್ಟೊಂದು ಹಸಿವಾ?" ಅಂದಳು.

ಮ್ಯಾನೇಜರು ಹಾಪ್ಸಿನ ಚೀಲ ಮುಟ್ಟಿ, ಒತ್ತಿ, ಕ್ಷೇಮ ಅಂತ ಹೇಳಿದ. ಆಮೇಲೆ ಮೂರು ತಟ್ಟೆ ಪಲಾವ್ ತಿಂದ. ಈಗ ಪ್ರತಿ ಗುರುವಾರ ಹನ್ನೆರಡು ಗಂಟೆಗೆ ಭಾವಮೈದನ ಮೇಜಿನ ಹತ್ತಿರ ಬಂದು ನಿಲ್ಲುತ್ತಾನಂತೆ. "ಏನಯ್ಯ, ಇವತ್ತು ಅಲಾರಮ್ ಹೊಡೀಲಿಲ್ವಾ ಇನ್ನೂ?"

ಆಯುಧಪೂಜೆ

ಅಕ್ಟೋಬರ್ ಮೊದಲ ವಾರ ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಆರು ತಿಂಗಳ ಮಟ್ಟಿಗೆ ಮೈಸೂರಿನಿಂದ ಬಂದರು. ಗೊಂಬೆ ಕೂರಿಸಿದ್ದಾಯಿತು, ಆಯುಧಪೂಜೆ ಬಂತು. ಅತ್ತೆಗೆ ಪೂಜೆ ಅಂದರೆ ತಾರತಮ್ಯವಿಲ್ಲ. ಕಾರು, ಹುಲ್ಲು ಕತ್ತರಿಸುವ ಮೆಷಿನ್, ಮಿಕ್ಸಿ, ಮಗಳ ಲ್ಯಾಪ್‌ಟಾಪ್ ಎಲ್ಲಕ್ಕೂ ಅರಿಸಿನ ಕುಂಕುಮ. ನಾನು ಬಿಯರ್ ಕಾಯಿಸುವ ದೊಡ್ಡ ಪಾತ್ರೆಯ ಮುಂದೆ ನಿಂತರು.

"ಇದರಲ್ಲಿ ಏನು ಮಾಡ್ತೀರಿ ಅಳಿಯಂದ್ರೇ?"

"ಕಷಾಯ ಅತ್ತೆ."

"ಗೊತ್ತು ಬಿಡಿ. ನನ್ನ ಮಗನೂ ಅದೇ ಕಷಾಯ ಕಾಯಿಸ್ತಾನೆ," ಅಂದು ಅದಕ್ಕೂ ಕುಂಕುಮ ಇಟ್ಟರು.

ಕೊನೆಗೆ ಫ್ರೀಜರಿನ ಸರದಿ. ನಾನು ಮುಂದೆ ನಿಂತು ಅಲಂಕಾರ ಮಾಡಿದೆ. ಪಂದ್ಯ ಗೆಲ್ಲಿಸಬೇಕಾದ ಯಂತ್ರ, ಕಡಿಮೆ ಮಾಡಿದರೆ ಆದೀತೇ. ಮುಚ್ಚಳದ ಮೇಲೆ ಸೇವಂತಿಗೆ ಹಾರ, ಕೆಳಗೆ ನಿಂಬೆಹಣ್ಣು, ಸುತ್ತ ನಾಲ್ಕು ಬಣ್ಣದ ದೀಪಗಳ ಸೀರಿಯಲ್ ಸೆಟ್ಟು. ನಮ್ಮ ಗರಾಜು ಬೀದಿಯ ಆ ತುದಿಯಿಂದಲೇ ಝಗಝಗ ಕಾಣಿಸುತ್ತಿತ್ತು. ಪೂಜೆಗೆ ಇಟ್ಟ ಯಂತ್ರ ಅವತ್ತು ಓಡಬಾರದು, ಅದಕ್ಕೂ ವಿಶ್ರಾಂತಿ ಬೇಕು ಅನ್ನುವುದು ಅತ್ತೆಯ ಪದ್ಧತಿ. ಹಾಗಾಗಿ ಅವರು ಫ್ರೀಜರಿನ ಪ್ಲಗ್ಗು ಕಿತ್ತುಬಿಟ್ಟರು.

ವಿಜಯದಶಮಿಗೆ ಮತ್ತೆ ಹಾಕಬೇಕಿತ್ತಲ್ಲ ಅಂತ ನೀವು ಕೇಳುತ್ತೀರಿ. ಹಾಕಬೇಕಿತ್ತು. ಆದರೆ ದೀಪಗಳು ಮೇಲೆ ಮಿಣಮಿಣ ಅನ್ನುತ್ತಲೇ ಇದ್ದವು. ಕರೆಂಟ್ ಇಲ್ಲ ಅಂತ ಯಾರಿಗೆ ಅನುಮಾನ ಬರುತ್ತದೆ? ಅದರ ಜೊತೆಗೆ ಗೊಂಬೆಗಳನ್ನು ಇಳಿಸಿ ತುಂಬಿಟ್ಟ ಏಳು ಪೆಟ್ಟಿಗೆಗಳನ್ನು ಫ್ರೀಜರಿನ ಮುಚ್ಚಳದ ಮೇಲೆ ಪೇರಿಸಿದ್ದೆವು. ಬೇಸ್‌ಮೆಂಟಿಗೆ ನಾಳೆ ಇಳಿಸುತ್ತೇನೆ ಅಂತ ನಾನು ಹೇಳಿದ್ದೆ. ಆ ನಾಳೆಗೆ ಮೂರು ವಾರ ಹಿಡಿಯಿತು. ಅಕ್ಟೋಬರಿನ ಬಿಸಿಲಿಗೆ ಗರಾಜು ಬೆಚ್ಚಗೆ ಕಾವಿಗೆ ಕೂತ ಕೋಳಿಯ ಹಾಗಿತ್ತು.

ದೀಪಾವಳಿಗೆ ಎರಡು ದಿನ ಇರುವಾಗ ಹೋಳಿಗೆಗೆ ಕಾಯಿತುರಿ ಬೇಕು ಅಂತ ನನ್ನ ಹೆಂಡತಿ ಪೆಟ್ಟಿಗೆಗಳನ್ನು ತಾನೇ ಇಳಿಸಿ ಮುಚ್ಚಳ ಎತ್ತಿದಳು. ಆಮೇಲೆ ನಿಧಾನವಾಗಿ ಮುಚ್ಚಿದಳು. ಆಮೇಲೆ ಗರಾಜಿನ ದೊಡ್ಡ ಬಾಗಿಲು ತೆರೆದಳು. ಪಕ್ಕದ ಮನೆಯ ನಾಯಿ ಬಂದು ಮೂಸಿ, ವಾಪಸ್ಸು ಹೋಗಿ, ತನ್ನ ಮನೆಯೊಳಗೆ ಸೇರಿಕೊಂಡಿತು. ಎರಡು ದಿನ ಹೊರಗೆ ಬರಲಿಲ್ಲ.

ಕಾಯಿತುರಿ ಹೋಗಿತ್ತು. ಹುಳಿ ಬುರುಗುಕಟ್ಟಿತ್ತು. ಅವಳು ಒಂದು ಶನಿವಾರ ಪೂರ್ತಿ ಕೂತು ಒಂದೊಂದಾಗಿ ಹಿಚುಕಿದ್ದ ಅವರೇಕಾಳು ಗಂಜಿಯಾಗಿತ್ತು. ಅದನ್ನು ನೋಡಿ ಅವಳ ಕಣ್ಣಲ್ಲಿ ನೀರು ಬಂತು. ನನ್ನ ಕಸೂರಿ ಮೆಂತ್ಯದ ಚೀಲದಲ್ಲಿದ್ದ ಹಾಪ್ಸು ಸಾಕ್ಸಿನ ಘಟ್ಟವನ್ನೂ ದಾಟಿ ಹಳಸಿದ ಚೀಸಿನ ಘಟ್ಟಕ್ಕೆ ಬಂದಿತ್ತು.

"ಪ್ಲಗ್ ಯಾರು ಕಿತ್ತಿದ್ದು?" ಅಂದಳು.

ನಾನು ಮುಂದೆ ಬಂದೆ. ಇಂಥ ಸಮಯದಲ್ಲಿ ಮನೆಯ ಯಜಮಾನ ದೊಡ್ಡ ಮನಸ್ಸು ಮಾಡಬೇಕು. "ಹೋಗ್ಲಿ ಬಿಡೆ. ಅಮ್ಮನಿಗೆ ವಯಸ್ಸಾಯ್ತು. ಪೂಜೆಯ ಭಕ್ತಿಯಲ್ಲಿ ಕಿತ್ತಿರ್ತಾರೆ. ಅವರಿಗೆ ಒಂದು ಮಾತೂ ಅನ್ನಬೇಡ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ಬಹಳ ಹೊತ್ತು ನೋಡಿದರು.

"ಅಳಿಯಂದ್ರು ಎಷ್ಟು ಒಳ್ಳೆಯವರು ಅಲ್ವೇನೆ," ಅಂದರು.

ನನಗೂ ಹಾಗೇ ಅನ್ನಿಸಿತು.

ಎಳ್ಳುಬೆಲ್ಲದ ತೀರ್ಪು

ಆ ಹಾಪ್ಸನ್ನು ಎಸೆಯಬಹುದಿತ್ತು. ಎಸೆದರೆ ಭಾವಮೈದನಿಗೆ ಫೋನ್ ಮಾಡಿ ಸೋತೆ ಅನ್ನಬೇಕು. ಅದಕ್ಕಿಂತ ಬಿಯರ್ ಮಾಡುವುದು ಸುಲಭ. ಮಾಡಿದೆ. ಹುದುಗಲು ಇಟ್ಟ ಡಬ್ಬಿಯ ಮುಚ್ಚಳ ಸರಿಯಾಗಿ ಕೂರದೆ ಬಿಯರಿಗೆ ಸ್ವಲ್ಪ ಹುಳಿಯೂ ಬಂತು. ಬಾಟಲಿ ತುಂಬಿಸಿ, ಸಂಕ್ರಾಂತಿಯ ದಿನ ಹಿಮದಲ್ಲಿ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಅತ್ತೆ, ಹೆಂಡತಿ, ಮಗಳೊಂದಿಗೆ ಸೌತ್‌ಫೀಲ್ಡಿಗೆ ಹೋದೆ. ಸೋಲುವುದು ಖಚಿತ ಅಂತ ಗೊತ್ತಿತ್ತು. ನಡುವಿನ ಇಂಡಿಯಾನಾ ರಾಜ್ಯ ದಾಟುವ ತನಕ ಒಂದೂ ಜಂಬದ ಮಾತಾಡಲಿಲ್ಲ. ಮೈ ಹುಷಾರಿಲ್ವಾ ಅಂತ ಹೆಂಡತಿ ಎರಡು ಸಲ ಕೇಳಿದಳು.

ಭಾವಮೈದನ ಸ್ನೇಹಿತರು ಒಂಬತ್ತು ಜನ, ಎಲ್ಲ ಬೆಂಗಳೂರು ಮೈಸೂರಿನವರು. ಹತ್ತನೆಯವನು ಬಿಳಿ ಗಡ್ಡದ ಮ್ಯಾನೇಜರು. ಒಂದನೇ ನಂಬರಿನ ಲೋಟದಲ್ಲಿ ಭಾವಮೈದನ ಬಿಯರು. ದೂರದಿಂದಲೇ ಕಿತ್ತಲೆ ತೋಟ ನಡೆದು ಬಂದ ಹಾಗೆ ಘಮ. ಎರಡನೇ ನಂಬರಿನಲ್ಲಿ ನನ್ನದು. ಅದೂ ದೂರದಿಂದಲೇ ಬರುತ್ತಿತ್ತು.

ಆಗ ಒಂದು ಘಟನೆ ನಡೆಯಿತು. ಲೋಟ ಎತ್ತುವ ಮೊದಲು ಅತ್ತೆ ತಟ್ಟೆ ಹಿಡಿದು ಬಂದರು. "ಹಬ್ಬದ ದಿನ. ಮೊದಲು ಎಲ್ಲರೂ ಎಳ್ಳುಬೆಲ್ಲ ತಿಂದು ಒಳ್ಳೇ ಮಾತಾಡ್ರಪ್ಪ." ಒಂಬತ್ತೂ ಜನ ಭಕ್ತಿಯಿಂದ ತಿಂದರು. ತಿಂದ ಮೇಲೆ ಕೆಟ್ಟ ಮಾತಾಡಲು ಕನ್ನಡಿಗರಿಗೆ ಬಾಯಿ ಬರುತ್ತದೆಯೇ? ಒಂದನೇ ಲೋಟ ಕುಡಿದು ಚೆನ್ನಾಗಿದೆ ಅಂದರು. ಎರಡನೇ ಲೋಟ ಕುಡಿದು ಕಿಟಕಿಯ ಆಚೆಗಿನ ಹಿಮವನ್ನು ನೋಡತೊಡಗಿದರು.

"ಹೇಗಿದೆ?" ಅಂತ ಭಾವಮೈದ ಕೆಣಕಿದ.

"ಎರಡೂ ಚೆನ್ನಾಗಿದೆ," ಅಂದ ಒಬ್ಬ. "ಒಂದು ಕುಡಿಯೋಕೆ ಚೆನ್ನಾಗಿದೆ. ಇನ್ನೊಂದರ ಬಣ್ಣ ಚೆನ್ನಾಗಿದೆ."

"ಅಂಕಲ್ ಮಾಡಿರೋದನ್ನ ಮರೆಯೋಕಾಗಲ್ಲ," ಅಂದ ಇನ್ನೊಬ್ಬ, ನೀರು ಹುಡುಕುತ್ತ.

ಮೂರನೆಯವನು ತನ್ನ ಲೋಟವನ್ನು ಮೂಲೆಯ ತುಳಸಿಕುಂಡದ ಪಕ್ಕ ಇಟ್ಟು, ತುಳಸಿಗೂ ಯಾಕೆ ಅಂತ ವಾಪಸ್ಸು ಎತ್ತಿಕೊಂಡ. ಹೀಗೆ ಒಂಬತ್ತು ಜನರದ್ದೂ ಸಮಸಮ. ನನಗೆ ಹೋದ ಜೀವ ಬಂತು. ಅರ್ಧ ಫ್ರೀಜರಿನಲ್ಲಿ ಏನೇನು ಎಲ್ಲೆಲ್ಲಿ ಇಡುವುದು ಅಂತ ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಉಳಿದದ್ದು ಮ್ಯಾನೇಜರು. ಅವನಿಗೆ ಕಡಲೆಕಾಯಿ ಅಲರ್ಜಿಯಂತೆ. ಎಳ್ಳುಬೆಲ್ಲ ಮುಟ್ಟಿರಲಿಲ್ಲ. ಆ ಮನೆಯಲ್ಲಿ ನಿಜ ಹೇಳಲು ಸ್ವಾತಂತ್ರ್ಯ ಇದ್ದದ್ದು ಅವನೊಬ್ಬನಿಗೇ.

ನನ್ನ ಲೋಟದಿಂದ ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ಇನ್ನೊಂದು ಗುಟುಕು. ಕಣ್ಣು ತೆರೆದಾಗ ಅದು ಒದ್ದೆಯಾಗಿತ್ತು.

"ಬೆಲ್ಜಿಯಂನಲ್ಲಿ ಒಂದು ಬಗೆಯ ಹುಳಿ ಬಿಯರಿಗೆ ಹಾಪ್ಸನ್ನು ಬೇಕಂತಲೇ ವರ್ಷಗಟ್ಟಲೆ ಇಟ್ಟು ಹಳೇದು ಮಾಡ್ತಾರೆ," ಅಂದ. "ಅಲ್ಲಿ ಕುಡಿದ ಮೇಲೆ ಇವತ್ತೇ ನನಗೆ ಅದು ಸಿಕ್ಕಿದ್ದು. ನಿಮ್ಮ ಹಾಪ್ಸು ಎಷ್ಟು ವರ್ಷದ್ದು?"

ಹೊಗಳಿಕೆ ಕಿವಿಗೆ ಬಿದ್ದರೆ ನನ್ನ ನಾಲಿಗೆ ನನ್ನದಾಗಿ ಉಳಿಯುವುದಿಲ್ಲ. ಎದ್ದು ನಿಂತೆ. ಶಲ್ಯ ಸರಿಮಾಡಿಕೊಂಡೆ.

"ವರ್ಷವೇ? ಅವರಿಗೆ ವರ್ಷ ಬೇಕು, ನನಗೆ ಮೂರು ವಾರ ಸಾಕು. ಫ್ರೀಜರ್ ಆಫ್ ಮಾಡಿ, ಮೇಲೆ ಏಳು ಪೆಟ್ಟಿಗೆ ಹೇರಿ, ಬಿಸಿಲಿನ ಗರಾಜಿನಲ್ಲಿ ಹದವಾಗಿ ಹಳೇದು ಮಾಡಿದೆ. ಹೊಸ ಹಾಪ್ಸನ್ನ ಇಷ್ಟು ಬೇಗ ಇಷ್ಟು ಹಳೇದು ಮಾಡೋರು ಈ ದೇಶದಲ್ಲಿ ಇನ್ನೊಬ್ಬರಿದ್ದರೆ ತೋರಿಸಿ."

ಭಾವಮೈದ ಮೆಲ್ಲಗೆ ಕೆಮ್ಮಿದ.

"ಭಾವ, ಪಂದ್ಯ ಇದ್ದದ್ದು ತಾಜಾ ಇಡೋದಕ್ಕೆ."

ಒಂಬತ್ತೂ ಜನ ಎಳ್ಳುಬೆಲ್ಲದ ಮರ್ಯಾದೆಗೆ ತಲೆ ತಗ್ಗಿಸಿ ನಕ್ಕರು. ನನ್ನ ಹೆಂಡತಿ ನಗಲಿಲ್ಲ. ಅವಳಿಗೆ ಬೇರೆ ಮಾತು ಕೇಳಿಸಿತ್ತು.

"ಒಂದು ನಿಮಿಷ. ಫ್ರೀಜರ್ ಆಫ್ ಮಾಡಿ ಅಂದ್ರಲ್ಲ. ಮಾಡಿದ್ದು ಯಾರು ಅಂದ್ರಿ?"

ನಾನು ಮತ್ತೆ ಶಲ್ಯ ಸರಿಮಾಡಿಕೊಂಡೆ. ಸೋಫಾದ ಕಡೆಯಿಂದ ಅತ್ತೆಯ ದನಿ ಬಂತು.

"ನಾನೇ ಕಣೆ. ಎಷ್ಟು ಸಲ ಹೇಳೋದು. ತಗೋ, ಎಳ್ಳುಬೆಲ್ಲ ತಿನ್ನು."

ಇಲ್ಲಿಗೆ ಕಥೆ ಮುಗಿಯಬೇಕು. ಆದರೆ ಫ್ರೀಜರಿನ ಮೇಲೆ ಇಟ್ಟ ಕೈ ಇನ್ನೂ ಅಲ್ಲೇ ಇದೆ, ಹಾಗಾಗಿ ಹೇಳಿಬಿಡುತ್ತೇನೆ. ಇಷ್ಟರಲ್ಲಿ ಒಂದೇ ಒಂದು ಸಣ್ಣ ವಿವರ ನಾನು ಕಟ್ಟಿದ್ದು. ಪ್ಲಗ್ಗು ಕಿತ್ತದ್ದು ಅತ್ತೆಯಲ್ಲ. ಯಂತ್ರಕ್ಕೆ ವಿಶ್ರಾಂತಿ ಬೇಕು ಅಂತ ಅವರು ಹೇಳಿದ್ದು ಕಾರಿನ ವಿಷಯಕ್ಕೆ. ಆ ಗೋಡೆಯಲ್ಲಿ ಎರಡೇ ಪ್ಲಗ್ಗಿಗೆ ಜಾಗ. ಒಂದು ಗರಾಜ್ ಬಾಗಿಲಿನದು, ಒಂದು ಫ್ರೀಜರಿನದು. ನನ್ನ ಸೀರಿಯಲ್ ಸೆಟ್ಟಿಗೆ ಜಾಗ ಬೇಕಿತ್ತು.

ಅವತ್ತು ಸೌತ್‌ಫೀಲ್ಡಿನ ಅಡುಗೆಮನೆಯಲ್ಲಿ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. "ಅಳಿಯಂದ್ರೇ, ಆ ಬಣ್ಣದ ದೀಪ ಸಿಕ್ಕಿಸುವಾಗ ನಾನು ಹಿಂದೆಯೇ ಆರತಿ ತಟ್ಟೆ ಹಿಡ್ಕೊಂಡು ನಿಂತಿದ್ದೆ. ಬಾಯಲ್ಲಿ ಎಳ್ಳುಬೆಲ್ಲ ಇರೋ ತನಕ ಒಳ್ಳೇ ಮಾತೇ ಆಡ್ತೀನಿ. ಮುಗಿದ ಮೇಲಿನದು ನನ್ನ ಕೈಲಿಲ್ಲ."

ನನ್ನ ಹೆಂಡತಿ ಕನ್ನಡದಲ್ಲಿ ಬರುವುದನ್ನೆಲ್ಲ ಓದುತ್ತಾಳೆ, ನಾನು ಬರೆದದ್ದೊಂದನ್ನು ಬಿಟ್ಟು. ಆ ಧೈರ್ಯದ ಮೇಲೆ ಇದನ್ನು ಬರೆದಿದ್ದೇನೆ. ಫ್ರೀಜರಿನ ನನ್ನ ಮೂಲೆ ಹೋಯಿತು. ಈಗ ಅಲ್ಲೆಲ್ಲ ಅವರೇಕಾಳು. ಆದರೆ ಅವರೇಕಾಳಿನ ಕೆಳಗೆ, ತಳದಲ್ಲಿ, ಬೆಳಕು ಬೀಳದ ಹಾಗೆ ಕಸೂರಿ ಮೆಂತ್ಯದ ಚೀಲದಲ್ಲಿ ತುಂಬಿ, ಸ್ಟ್ರಾ ಹಾಕಿ ಕೊನೆಯ ಉಸಿರಿನಷ್ಟು ಗಾಳಿಯನ್ನೂ ಎಳೆದು, ಸೊನ್ನೆ ಡಿಗ್ರಿಯಲ್ಲಿ ಮೂರು ಪೌಂಡ್ ಎಳ್ಳುಬೆಲ್ಲ ಇಟ್ಟಿದ್ದೇನೆ. ದಿನಾ ಊಟವಾದ ಮೇಲೆ ಅತ್ತೆಗೆ ಒಂದು ಚಮಚ.

ಅವರ ಟಿಕೆಟ್ಟು ಮಾರ್ಚ್ ಕೊನೆಗೆ. ಅಲ್ಲಿಯ ತನಕ ತಾಜಾ ಇಟ್ಟೇ ಇಡುತ್ತೇನೆ. ಪ್ಲಗ್ಗನ್ನು ಮಾತ್ರ ದಿನಕ್ಕೆ ನಾಲ್ಕು ಸಲ ಹೋಗಿ ಮುಟ್ಟಿ ನೋಡಿ ಬರುತ್ತೇನೆ.